ಎಣ್ಣೂರಿನ ಕಂದಕದಲ್ಲಿ ಕಂಡ ಮರಳು

ಭೂಕಂಪ ಆಗಿರಲಿಲ್ಲ ಎಂದು ಬರೆಯುವುದಕ್ಕೆಂದೇ ಆ ಕಂದಕವನ್ನು ತೋಡಿಸಿದರು. ಹಾಗೆ ಬರೆಯುವುದಕ್ಕೆ ಎಲ್ಲರಿಗಿಂತ ಹೆಚ್ಚು ನೆರವಾದವನು ನಾನು. ಇದನ್ನು ಯಾರೂ ನನ್ನಿಂದ ಕೇಳಿ ಬರೆಸುತ್ತಿಲ್ಲ. ಹೋಗಲಿ ಬಿಡಿ, ವಯಸ್ಸಾದವರು, ಏನೋ ಆಗಿಹೋಯಿತು ಎಂದು ನನ್ನ ಪರವಾಗಿ ಮಾತಾಡುವವರು ಈಗಲೂ ಇದ್ದಾರೆ. ಆ ಮಾತು ಕೇಳಿದಾಗಲೆಲ್ಲ ಮೈ ಉರಿಯುತ್ತದೆ. ಏನೋ ಆಗಿಹೋಗಲಿಲ್ಲ. ಒಂದೊಂದನ್ನೂ ತಿಳಿದೇ ಮಾಡಿದೆ.

ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದವನು. ಮಣ್ಣು ಪರೀಕ್ಷೆಯ ಕೆಲಸದಿಂದ ನಿವೃತ್ತನಾಗಿ ವೆಸ್ಟ್ ಮಾಂಬಲಂನ ಮನೆಯಲ್ಲಿದ್ದೆ. ಕಟ್ಟಡದ ಜಾಗಗಳನ್ನು ಪರೀಕ್ಷಿಸಿ ವರದಿ ಕೊಡುವ ಒಂದು ಕಚೇರಿಯ ಮ್ಯಾನೇಜರು ಫೋನ್ ಮಾಡಿದರು. ಅವರೂ ನಮ್ಮ ಹಾಗೆಯೇ ತಲೆಮಾರುಗಳಿಂದ ಮದರಾಸಿನಲ್ಲಿ ನೆಲೆಸಿದ ಕನ್ನಡದ ಮನೆಯವರು. ಮಠದಲ್ಲಿ ಪಂಕ್ತಿಗೆ ಕೂತಾಗ ಪರಿಚಯ.

"ಮಾಮಾ, ಎಣ್ಣೂರ್ ಪಕ್ಕ ಒಂದು ಟ್ರೆಂಚ್ ತೋಡಬೇಕು. ಮೈಸೂರ್ ಕಡೆ ಹುಡುಗಿ ಒಬ್ಬಳು ಇದಾಳೆ, ಜಿಯಾಲಜಿ ಓದಿರೋಳು. ಅವಳು ನೋಡಿ ಬರ್ಕೋತಾಳೆ. ನೀವು ಆಳುಗಳನ್ನ ನೋಡ್ಕೊಂಡ್ರೆ ಪೋದುಂ, ಅಷ್ಟು ಸಾಕು."

"ಏನು ಹುಡುಕೋದು ಅಲ್ಲಿ?"

"ಪಳೇ ಕಾಲದ ಭೂಕಂಪ!" ಎಂದು ನಕ್ಕರು. "ಏನೂ ಇರಲ್ಲ ಮಾಮಾ. ಇಲ್ಲ ಅಂತ ಬರೆಯೋಕೇ ತೋಡೋದು."

ನಾನೂ ನಕ್ಕೆ. ಹುಡುಕುವ ಮೊದಲೇ ಉತ್ತರ ಬರೆದಿಟ್ಟವರ ಜತೆ ಸೇರಿ ನಕ್ಕೆ.

ಜಾಗ ಬಂದರಿನ ಲಾರಿಗಳು ಓಡಾಡುವ ರಸ್ತೆಯಿಂದ ಒಳಕ್ಕೆ, ಕುಪ್ಪ ಎನ್ನುವ ಮೀನುಗಾರರ ಕೇರಿಯ ಬೆನ್ನಿಗೇ ಇತ್ತು. ಒಂದು ಕಂಪನಿ ಅಲ್ಲಿ ಉರಿಯುವ ದ್ರವ ತುಂಬಿಡುವ ಟ್ಯಾಂಕುಗಳನ್ನು ಕಟ್ಟಬೇಕೆಂದಿತ್ತು. ಕಟ್ಟುವ ಮೊದಲು ಆ ನೆಲ ಹಿಂದೆ ಎಂದಾದರೂ ಅಲುಗಿ ಕೆಟ್ಟಿತ್ತೇ ಎಂದು ನೋಡಿ ವರದಿ ಕೊಡಬೇಕು. ಬೇಲಿಯ ಈಚೆ ಟ್ಯಾಂಕು, ಆಚೆ ಮನೆಗಳು. ನಡುವೆ ಬಲೆ ಒಣಹಾಕುವಷ್ಟು ಬಯಲು.

ಭೂವಿಜ್ಞಾನದ ಹುಡುಗಿ ಮಾಧವರಂನಲ್ಲಿ ಬಾಡಿಗೆ ಕೋಣೆಯಲ್ಲಿದ್ದಳು. ಚೆನ್ನೈಗೆ ಬಂದು ಬಹಳ ಕಾಲವಾಗಿರಲಿಲ್ಲ. ತಮಿಳು ಅರ್ಧ ಅರ್ಧ ಬರುತ್ತಿತ್ತು. ನಾನು ಕನ್ನಡದಲ್ಲಿ ಮಾತಾಡಿದ್ದಕ್ಕೆ ಅವಳಿಗೆ ಎಷ್ಟು ಖುಷಿಯಾಯಿತೆಂದರೆ, ಮೊದಲ ದಿನವೇ ತನ್ನ ಡಬ್ಬಿಯ ಪುಳಿಯೋಗರೆಯಲ್ಲಿ ಅರ್ಧ ನನಗೆ ಹಾಕಿದಳು. ನಾನು ಅವಳನ್ನು ಮೇಡಂ ಎನ್ನುತ್ತಿದ್ದೆ. ಅವಳು ಸರ್ ಎನ್ನುತ್ತಿದ್ದಳು.

"ಬರೆದಿಡೋ ಜನ ಇಲ್ಲದ ಕಾಲದ ಭೂಕಂಪ ಹೇಗೆ ಸಿಗತ್ತೆ ಮೇಡಂ?" ಎಂದು ಕೇಳಿದೆ.

"ಬಕೆಟ್ಟಿನಲ್ಲಿ ಒದ್ದೆ ಮರಳು ತುಂಬಿ ಬಕೆಟ್ಟನ್ನ ಜೋರಾಗಿ ಕುಲುಕಿ ಸರ್. ನೀರು ಮೇಲಕ್ಕೆ ಬರುತ್ತೆ, ಮರಳು ಗಂಜಿ ಥರ ಆಗುತ್ತೆ. ಇಲ್ಲೂ ಅಷ್ಟೇ. ಕೆಳಗೆ ಮರಳು, ಮರಳಲ್ಲಿ ನೀರು, ಮೇಲೆ ಜೇಡಿ ಮುಚ್ಚಿಕೊಂಡಿದೆ. ನೆಲ ಜೋರಾಗಿ ಅಲುಗಿದ್ರೆ ಆ ಗಂಜಿಗೆ ಹೋಗೋಕೆ ಜಾಗ ಇರಲ್ಲ. ಜೇಡೀನ ಸೀಳ್ಕೊಂಡು ಮೇಲೆ ನುಗ್ಗುತ್ತೆ. ಅಲುಗೋದು ನಿಂತ ಮೇಲೆ ಸೀಳಿನಲ್ಲಿ ಮರಳು ಹಾಗೇ ಉಳಿಯುತ್ತೆ. ಅದನ್ನ ಹುಡುಕ್ತೀವಿ."

"ಸಿಕ್ಕಿದರೆ?"

"ಒಂದು ಸಲ ಗಂಜಿಯಾದ ನೆಲ ಇನ್ನೊಂದು ಸಲವೂ ಆಗಬಹುದು. ಅದರ ಮೇಲೆ ಟ್ಯಾಂಕ್ ಇಡೋಕೆ ಮುಂಚೆ ಅವರು ಯೋಚನೆ ಮಾಡ್ಬೇಕು."

ಜೆಸಿಬಿಯಿಂದ ತೋಡಿಸಿದೆವು. ಬದಿಗಳನ್ನು ನೆಟ್ಟಗೆ ಇಳಿಸದೆ ಮೆಟ್ಟಿಲು ಮೆಟ್ಟಿಲಾಗಿ ಕೊಯ್ಯಿಸಿ, ಕೆಳಗಿನ ಮೆಟ್ಟಿಲಿಗೆ ಹಲಗೆ ಒತ್ತಿ ಅಡ್ಡಕ್ಕೆ ಸರ್ವೆ ಮರದ ಕಂಬ ಬಿಗಿಸಿದೆವು. ಮೇಲೆಲ್ಲ ಹಾರುಬೂದಿ ಬೆರೆತ ತುಂಬು ಮಣ್ಣು. ಅದರ ಕೆಳಗೆ ಕಂದು ಜೇಡಿ, ಮತ್ತೆ ಚಿಪ್ಪಿನ ಚೂರುಗಳಿದ್ದ ಬೂದು ಜೇಡಿ, ತಳದಲ್ಲಿ ನೀರು ಜಿನುಗುವ ಸಣ್ಣ ಮರಳು. ಸಮುದ್ರ ಅಷ್ಟು ಹತ್ತಿರವಿರುವಾಗ ತಳದಿಂದ ನೀರು ಬರುವುದು ನಿಲ್ಲುವುದಿಲ್ಲ. ಒಂದು ಮೂಲೆಯಲ್ಲಿ ಗುಣಿ ಮಾಡಿ ಡೀಸೆಲ್ ಪಂಪ್ ಕೂಡಿಸಿದೆವು. ಅದು ಹಗಲೂ ರಾತ್ರಿಯೂ ಓಡಲೇಬೇಕು. ನೋಡಿಕೊಳ್ಳಲು ಕುಪ್ಪದವನೊಬ್ಬನನ್ನು ಇಟ್ಟುಕೊಂಡೆ. ದೋಣಿಯ ಎಂಜಿನ್ ನಡೆಸಿ ಗೊತ್ತಿದ್ದವನು. ನನ್ನನ್ನು ರಾವ್ಜಿ ಎನ್ನುತ್ತಿದ್ದ.

ಜೆಸಿಬಿಯ ಬಕೆಟ್ಟಿನ ಹಲ್ಲು ಜೇಡಿಯನ್ನು ಗೋಡೆಗೆ ಬಳಿದುಬಿಡುತ್ತದೆ, ಗಾರೆ ಬಳಿದ ಹಾಗೆ. ಒಳಗಿರುವುದು ಕಾಣುವುದಿಲ್ಲ. ಆ ಪದರವನ್ನು ಕರಣೆಯಿಂದ ಹೆರೆದು ತೆಗೆಯಬೇಕು. ಅವಳು ಒಂದು ತುದಿಯಿಂದ, ನಾನು ಇನ್ನೊಂದು ತುದಿಯಿಂದ ಹೆರೆಯುತ್ತ ಬಂದೆವು. ಅದು ನನ್ನ ಕೆಲಸವಾಗಿರಲಿಲ್ಲ. ಆದರೆ ಸುಮ್ಮನೆ ಕೂತು ಆಳುಗಳನ್ನು ಕೂಗುವುದಕ್ಕಿಂತ ಅದು ಚೆನ್ನಾಗಿತ್ತು. ಮೊದಲ ದಿನಗಳಲ್ಲಿ ಸಿಕ್ಕಿದ್ದೆಲ್ಲ ಏಡಿ ಬಿಲಗಳು. ಒಮ್ಮೆ ಮರಳು ತುಂಬಿದ ಕೊಳವೆಯೊಂದು ಕಂಡು ಅವಳು ಕುಣಿಯುವುದೊಂದು ಬಾಕಿ. ಇನ್ನಷ್ಟು ಹೆರೆದರೆ ನಡುವೆ ತಾಳೆಬೇರಿನ ನಾರು ಸಿಕ್ಕಿತು. ಒಂದು ಬೆಳಿಗ್ಗೆ ಹಲಗೆಯ ಹಿಂದಿನ ಮಣ್ಣು ಜಾರಿ ಎರಡು ದಿನದ ಕೆಲಸವನ್ನು ಮತ್ತೆ ಮಾಡಬೇಕಾಯಿತು. ಮ್ಯಾನೇಜರು ದಿನಾ ಸಂಜೆ ಫೋನ್ ಮಾಡಿ "ಮುಡಿಂಜುದಾ ಮಾಮಾ?" ಎಂದು ಕೇಳುತ್ತಿದ್ದರು. ಮುಗಿಯಿತೇ ಎಂದು, ಸಿಕ್ಕಿತೇ ಎಂದಲ್ಲ.

ಆಯುಧಪೂಜೆಯ ಹಿಂದಿನ ಸಂಜೆ ನನ್ನ ಕರಣೆಯ ಕೆಳಗೆ ಸದ್ದು ಬದಲಾಯಿತು. ಜೇಡಿಯನ್ನು ಹೆರೆದರೆ ಬೆಣ್ಣೆ ಕೊಯ್ದ ಹಾಗೆ, ಸದ್ದೇ ಇರುವುದಿಲ್ಲ. ಇದ್ದಕ್ಕಿದ್ದಂತೆ ಸರಸರ ಎಂದಿತು. ಬೆರಳಿಟ್ಟು ನೋಡಿದೆ. ಬೂದು ಜೇಡಿಯ ನಡುವೆ, ತಳದಿಂದ ಮೇಲಕ್ಕೆ ಮರಳು ಏರಿತ್ತು. ಕೆಳಗೆ ಅಗಲ, ಮೇಲೆ ಹೋದಂತೆ ಸಣ್ಣ.

"ಮೇಡಂ, ಇಲ್ಲಿ ಬನ್ನಿ."

ಅವಳು ಬಂದು ಕುಕ್ಕರಗಾಲಿನಲ್ಲಿ ಕೂತಳು. ಮರಳಿನ ಗೆರೆಯನ್ನು ತಳದಿಂದ ಮೇಲಿನವರೆಗೆ ನೋಡಿದಳು. "ಇದು ಬೇರಲ್ಲ ಸರ್," ಎಂದಳು. "ಇದರೊಳಗೆ ಜೇಡಿಯ ಚೂರುಗಳಿವೆ ನೋಡಿ. ಕಿತ್ಕೊಂಡು ಬಂದಿದೆ." ಅಷ್ಟರಲ್ಲಿ ಬೆಳಕು ಇಳಿದಿತ್ತು. ಸುತ್ತಲ ಗೋಡೆಯನ್ನು ಇನ್ನೂ ಹೆರೆದಿರಲಿಲ್ಲ, ಎದುರು ಗೋಡೆಯನ್ನು ಮುಟ್ಟಿಯೇ ಇರಲಿಲ್ಲ. ಅವಳು ಫೋನಿನಲ್ಲಿ ಕೆಲವು ಚಿತ್ರ ತೆಗೆದಳು. ಗೋಡೆಗೆ ಮೊಳೆ ಹೊಡೆದು, ದಾರದಿಂದ ಚೌಕ ಚೌಕ ಕಟ್ಟಿ, ಅಳೆದು ಬರೆದುಕೊಂಡು, ಆಮೇಲೆ ಉಕ್ಕಿನ ಕೊಳವೆ ಹೊಡೆದು ಮರಳು ತೆಗೆಯಬೇಕು. ಅದಕ್ಕೆಲ್ಲ ಇಡೀ ಹಗಲು ಬೇಕು. ಮರುದಿನ ಕಚೇರಿಗೆ ರಜೆ. ರಜೆಯ ದಿನ ಅವಳು ಸೈಟಿಗೆ ಹೋಗುವಂತಿಲ್ಲ ಎಂದು ಮ್ಯಾನೇಜರು ಫೋನಿನಲ್ಲಿ ಕಡ್ಡಿ ಮುರಿದ ಹಾಗೆ ಹೇಳಿದರು. ಪೂಜೆಗೆ ನಾನೊಬ್ಬ ಹೋಗಬಹುದಿತ್ತು.

"ಪೂಜೆ ಮಾಡ್ಕೊಳ್ಳಿ ಸರ್. ಪಂಪ್ ಮಾತ್ರ ನಿಲ್ಲಿಸ್ಬೇಡಿ," ಎಂದಳು. ಆಟೋ ಹತ್ತಿದ ಮೇಲೂ ತಲೆ ಹೊರಗೆ ಹಾಕಿ, "ಪಂಪ್, ಸರ್!" ಎಂದಳು.

ನಮ್ಮ ಮನೆಯಲ್ಲಿ ಆ ದಿನ ಪೂಜೆಗಿಟ್ಟದ್ದನ್ನು ಮುಟ್ಟುವುದಿಲ್ಲ. ಪುಸ್ತಕ ಓದುವುದಿಲ್ಲ, ಕತ್ತರಿ ಹಿಡಿಯುವುದಿಲ್ಲ. ದಶಮಿಯ ಬೆಳಿಗ್ಗೆ ಮರುಪೂಜೆಯಾಗಿಯೇ ತೆಗೆಯುವುದು. ಕೆಲಸದಲ್ಲಿದ್ದ ಅಷ್ಟೂ ಕಾಲ ಸೈಟಿನಲ್ಲೂ ನಾನು ಅದನ್ನೇ ನಡೆಸಿದವನು. ಬೋರ್ ಯಂತ್ರವೂ ಆ ದಿನ ಮಲಗಬೇಕು. ರಾವ್ಜಿ ಸೈಟಿನಲ್ಲಿ ಪೂಜೆ ಎಂದರೆ ಪೂಜೆ ಎಂದು ಜನ ಹೇಳುತ್ತಿದ್ದುದು ನನಗೆ ಒಂದು ಹೆಮ್ಮೆ.

ಬೆಳಿಗ್ಗೆ ಹೋದೆ. ಜೆಸಿಬಿ ತೊಳೆದು ಬಾಳೆಕಂದು ಕಟ್ಟಿದ್ದರು. ಕರಣೆ, ಕುಂಚ, ಸುತ್ತಿಗೆ, ಟೇಪು, ಇನ್ನೂ ಉಪಯೋಗಿಸದ ಉಕ್ಕಿನ ಕೊಳವೆಗಳು, ಎಲ್ಲವನ್ನೂ ಬಾಳೆಲೆಯ ಮೇಲೆ ಸಾಲಾಗಿ ಇಟ್ಟೆ. ಪಂಪ್ ಮಾತ್ರ ಹೊಗೆ ಉಗುಳುತ್ತ, ಅದುರುತ್ತ ಓಡುತ್ತಿತ್ತು. ಗಂಧ ಹಚ್ಚಲು ಹೋದರೆ ಕೈ ಸುಟ್ಟಿತು. ಹಾರ ಹಾಕಿದರೆ ಜಾರಿ ಬಿತ್ತು. ನಿಲ್ಲಿಸು ಎಂದೆ. ನಿಲ್ಲಿಸಿದ. ತೊಳೆಸಿದೆ, ಗಂಧ ಕುಂಕುಮ ಇಟ್ಟೆ, ಹಾರ ಹಾಕಿದೆ, ಬೂದುಗುಂಬಳ ಒಡೆಸಿದೆ. ಕಡಲೆ ಉಸಲಿ ಹಂಚಿದೆ.

"ರಾವ್ಜಿ, ಸ್ಟಾರ್ಟ್ ಪಣ್ಣಟ್ಟುಮಾ?" ಎಂದು ಪಂಪಿನವನು ಕೇಳಿದ, ಮತ್ತೆ ಚಾಲೂ ಮಾಡಲೇ ಎಂದು.

"ಇವತ್ತು ಮುಟ್ಟಬಾರದಪ್ಪ. ನಾಳೆ ಬೆಳಿಗ್ಗೆ," ಎಂದು ಅವನ ತಮಿಳಿನಲ್ಲೇ ಹೇಳಿದೆ.

"ಮೇಡಂ ಸೊನ್ನಾಂಗಳೇ?" ಮೇಡಂ ಹೇಳಿದ್ದರಲ್ಲ ಎಂದ.

"ಮೇಡಂ ಚಿಕ್ಕವರು. ಅವರಿಗೆ ಇದೆಲ್ಲ ಗೊತ್ತಿಲ್ಲ. ಒಂದು ದಿನ ನಿಂತರೆ ಮೊಣಕಾಲುದ್ದ ನೀರು ಬರುತ್ತೆ, ನಾಳೆ ತೆಗೆದರಾಯಿತು."

ಗುಂಡಿಗೆ ನೀರು ನುಗ್ಗಿದರೆ ಏನಾಗುತ್ತದೆಂದು ನನಗೆ ತಿಳಿಯದ್ದೇನಲ್ಲ. ತಿಳಿದದ್ದನ್ನು ಆ ದಿನದ ಮಟ್ಟಿಗೆ ಬದಿಗಿಟ್ಟೆ. ದೇವರ ಮೇಲೆ ಹಾಕಲು ನನಗೆ ಇಷ್ಟವಿಲ್ಲ. ಕೆಲಸ ಮಾಡುವ ಯಂತ್ರವನ್ನು ಕೊಲ್ಲು ಎಂದು ಯಾವ ದೇವರೂ ಹೇಳಿರಲಿಲ್ಲ. ನನ್ನ ಸೈಟಿನಲ್ಲಿ ನನ್ನ ಮಾತು ನಡೆಯಬೇಕಿತ್ತು, ಅಷ್ಟೇ.

ದಶಮಿಯ ಬೆಳಿಗ್ಗೆ ಹೋಗಿ ನೋಡಿದರೆ ಕಂದಕ ಹೊಂಡವಾಗಿತ್ತು. ತಳದ ಮರಳು ನೀರಿನೊಡನೆ ಕರಗಿ ಹರಿದು, ಮೇಲಿನ ಜೇಡಿಗೆ ಆಸರೆಯಿಲ್ಲದೆ ಎರಡೂ ಗೋಡೆ ಹೆಂಟೆ ಹೆಂಟೆಯಾಗಿ ಕಳಚಿ ಬಿದ್ದಿದ್ದವು. ಸರ್ವೆ ಕಂಬಗಳು ತೇಲುತ್ತಿದ್ದವು. ಮೇಲಿನ ಹಾರುಬೂದಿ ಕುಸಿದು ಎಲ್ಲವನ್ನೂ ಕಲಸಿಬಿಟ್ಟಿತ್ತು. ನೀರಿಗೆ ಚಹಾದ ಬಣ್ಣ ಬಂದಿತ್ತು.

ಅವಳು ಬಂದು ಅಂಚಿನಲ್ಲಿ ನಿಂತಳು. ಹೆಗಲಲ್ಲಿ ದಾರದ ಉಂಡೆ, ಮೊಳೆಯ ಚೀಲ.

"ಪಂಪ್ ಯಾವಾಗ ನಿಲ್ತು ಸರ್?"

ಪಂಪಿನವನು ನನ್ನ ಮುಖ ನೋಡಿ ತಲೆ ತಗ್ಗಿಸಿದ.

"ಬೆಳಗಿನ ಜಾವ ಇರಬೇಕು ಮೇಡಂ. ಡೀಸೆಲ್ಲಲ್ಲಿ ಕಸ ಇತ್ತು," ಎಂದೆ.

ಅವಳು ನಂಬಿದಳು. ನಂಬಿದ್ದನ್ನು ನೋಡಿ ನನಗೆ ನೆಮ್ಮದಿಯಾಯಿತು. ಆ ನೆಮ್ಮದಿಯನ್ನು ನೆನೆದರೆ ಇವತ್ತು ನನ್ನ ಕಪಾಳಕ್ಕೆ ನಾನೇ ಹೊಡೆದುಕೊಳ್ಳಬೇಕೆನಿಸುತ್ತದೆ.

ನೀರು ತೆಗೆಸಿದ ಮೇಲೆ ಕೆಸರಲ್ಲದೆ ಏನೂ ಉಳಿದಿರಲಿಲ್ಲ. ಅವಳು ಎದೆಗುಂದಲಿಲ್ಲ. ಸೀಳು ಎಂದರೆ ಗೋಡೆಯ ಮೇಲಿನ ಚಿತ್ರವಲ್ಲ, ನೆಲದೊಳಗೆ ಮುಂದಕ್ಕೂ ಹೋಗಿರುತ್ತದೆ. ಬಿದ್ದ ಗೋಡೆಯ ಹಿಂದೆ ಒಂದು ಮಾರು ಕೊಯ್ದರೆ ಮತ್ತೆ ಕಾಣುತ್ತದೆ ಎಂದು ಮ್ಯಾನೇಜರಿಗೆ ಫೋನಿನಲ್ಲಿ ಹೇಳಿದಳು. ಅವರು ಒಪ್ಪಲಿಲ್ಲ. ಹಿಂಗಾರು ಮಳೆ ಹಿಡಿಯುವ ಮೊದಲು ಕಂಪನಿಗೆ ವರದಿ ಬೇಕಂತೆ. ಆ ಸಂಜೆ ನನಗೆ ಫೋನ್ ಮಾಡಿದರು.

"ಮಾಮಾ, ನಿಜ ಹೇಳಿ. ಏನಾದ್ರೂ ಇತ್ತಾ ಅಲ್ಲಿ?"

ಇತ್ತು ಎಂದರೆ, ಮತ್ತೆ ಗೋಡೆ ಯಾಕೆ ಬಿತ್ತು, ಪಂಪ್ ಯಾಕೆ ನಿಂತಿತು ಎಂದು ಶುರುವಾಗುತ್ತದೆ. ಡೀಸೆಲ್ ಟ್ಯಾಂಕ್ ಬಿಚ್ಚಿ ನೋಡಿದರೆ ಕಸ ಇರುವುದಿಲ್ಲ.

"ಬಕೆಟ್ ಹಲ್ಲು ಉಜ್ಜಿದ ಗುರುತು ಇರಬಹುದು," ಎಂದೆ.

"ಅದೇ! ಅದೇ ನಾನೂ ಹೇಳಿದ್ದು! ನೀವು ಇದ್ದದ್ದು ಒಳ್ಳೇದಾಯ್ತು ಮಾಮಾ, ಇಲ್ಲಾಂದ್ರೆ ಈ ಹುಡುಗಿ ದೊಡ್ಡ ಪಿರಚ್ನೆ ಮಾಡಿಡ್ತಿದ್ಲು."

ಅವರ ದನಿಯಲ್ಲಿದ್ದ ಸಂತೋಷ! ಕುಪ್ಪದ ಬೆನ್ನಿಗೆ ಟ್ಯಾಂಕು ನಿಲ್ಲಿಸುವ ನೆಲದಲ್ಲಿ ಏನಿದೆಯೋ ತಿಳಿಯದೆ ಹೋಯಿತಲ್ಲ ಎಂಬ ಚಿಂತೆ ಒಂದು ಎಳೆಯೂ ಇರಲಿಲ್ಲ. ತಿಳಿಯದೆ ಹೋದದ್ದೇ ಅವರಿಗೆ ಬೇಕಾಗಿತ್ತು, ಅದನ್ನು ನಾನು ತಟ್ಟೆಯಲ್ಲಿಟ್ಟು ಕೊಟ್ಟಿದ್ದೆ.

ಕಂಪನಿಯ ಎಂಜಿನಿಯರು ಬಂದ ದಿನ ಕಚೇರಿಯಲ್ಲಿ ಸಭೆ. ನನ್ನನ್ನೂ ಕರೆಸಿದರು. ಅವಳು ತನ್ನ ಫೋನಿನ ಚಿತ್ರವನ್ನು ಗೋಡೆಯ ಪರದೆಯ ಮೇಲೆ ತೋರಿಸಿದಳು. ಮಸುಕು ಬೆಳಕಿನಲ್ಲಿ, ಅರ್ಧ ಹೆರೆದ ಗೋಡೆಯ ಮೇಲೆ ಒಂದು ಬೂದು ಗೆರೆ. ಕಂಡವರಿಗೆ ಕಾಣುತ್ತದೆ, ಕಾಣದವರಿಗೆ ಕೊಳೆ.

"ಇದು ಭೂಕಂಪನಾ, ಇಲ್ಲ ನಮ್ಮ ಜೆಸಿಬಿ ಡ್ರೈವರ್ ಹಾಕಿದ ಕೋಲಂ ಆ?" ಎಂದರು ಮ್ಯಾನೇಜರು. ಎಲ್ಲರೂ ನಕ್ಕರು. "ಮಾಮಾ, ನೀವು ಹುಟ್ಟಿದಾಗಿಂದ ಮಣ್ಣಲ್ಲೇ ಇರೋರು. ನೀವೇ ಸಾರ್‌ಗೆ ಹೇಳಿ."

ನಾನು ಎದ್ದು ನಿಂತು ಹೇಳಿದೆ. ಬಕೆಟ್ಟಿನ ಗುರುತು ಎಂದು. ತಮಿಳಿನಲ್ಲಿ, ಚೆನ್ನಾಗಿ, ಕೈ ಆಡಿಸಿ ತೋರಿಸಿ ಹೇಳಿದೆ. ಅವಳು ಪರದೆಯ ಪಕ್ಕ ನಿಂತು ನನ್ನನ್ನೇ ನೋಡುತ್ತಿದ್ದಳು.

ಲಿಫ್ಟಿನ ಹತ್ತಿರ ನನ್ನನ್ನು ತಡೆದಳು. "ಸರ್, ಆ ಮರಳಿನ ಮೇಲೆ ನೀವು ಬೆರಳಿಟ್ರಿ. ನನ್ನ ಕರೆದು ತೋರಿಸಿದ್ದೇ ನೀವು."

ನಾನು ಲಿಫ್ಟಿನ ಗುಂಡಿ ಒತ್ತಿದೆ.

"ಏನೂ ಸಿಕ್ಕಲಿಲ್ಲ ಅನ್ನೋ ವರದಿಗೆ ಸೈನ್ ಹಾಕು ಅಂತಿದಾರೆ. ಹಾಕಲ್ಲ ಅಂದೆ. ನಾಳೆಯಿಂದ ಈ ಕೆಲಸಕ್ಕೆ ಬರ್ಬೇಡ ಅಂದ್ರು. ನಿಮಗೆ ಗೊತ್ತಿರ್ಲಿ ಅಂತ ಹೇಳಿದೆ."

ಅವಳು ಮೆಟ್ಟಿಲು ಇಳಿದು ಹೋದಳು. ನಾನು ಲಿಫ್ಟಿನಲ್ಲಿ ಇಳಿದೆ.

ಆ ವಾರದಲ್ಲೇ ಮ್ಯಾನೇಜರು ಹೇಳಿದರು: "ಮಾಮಾ, ಗುಂಡಿ ಮುಚ್ಚಿಸಿಬಿಡಿ. ಅಲ್ಲಿಗೆ ಆಯ್ತು." ಇನ್ನೊಬ್ಬ ಯಾರದೋ ಸೈನ್ ಹಾಕಿಸುವುದಾಗಿಯೂ ಹೇಳಿದರು. ನೆಲವನ್ನು ನೋಡದೇ ಇದ್ದವರ ಸೈನು. ನೋಡಿದವಳದು ಬೇಡ, ನೋಡದವರದು ಆಗುತ್ತದೆ! ಇದು ನಡೆಯುವ ರೀತಿ ನನಗೆ ಹೊಸದೇನಲ್ಲ. ಇಷ್ಟು ವರ್ಷ ಅಂಥ ಸೈನುಗಳ ಕೆಳಗೇ ಉಂಡವನು. ಆದರೆ ಈ ಸಲ ಅದಕ್ಕೆ ಮಸಿ ಅರೆದುಕೊಟ್ಟವನು ನಾನು.

ಮುಚ್ಚಿಸಲು ಹೋದೆ. ಜೆಸಿಬಿ ಡ್ರೈವರು ಮಣ್ಣಿನ ಗುಡ್ಡೆಯ ಹತ್ತಿರ ಯಂತ್ರ ನಿಲ್ಲಿಸಿಕೊಂಡು ಕಾಯುತ್ತಿದ್ದ. ಪಂಪಿನವನು ತನ್ನ ಪೈಪು ಸುತ್ತಿಕೊಳ್ಳಲು ಬಂದಿದ್ದ. ಸುತ್ತುತ್ತ, ನನ್ನ ಕಡೆ ನೋಡದೆ, ಟ್ಯಾಂಕು ಇಲ್ಲೇ ಬರುತ್ತದಾ ಎಂದು ಕೇಳಿದ.

"ಬರುತ್ತೆ."

"ಕೀಳೆ ಒಣ್ಣುಂ ಇಲ್ಲಿಯೇ ರಾವ್ಜಿ?" ಕೆಳಗೆ ಏನೂ ಇಲ್ಲವಲ್ಲ ಎಂದ.

ಬೇಲಿಯಾಚೆ ಅವನ ಮನೆಯ ಶೀಟು ಕಾಣುತ್ತಿತ್ತು. ಅವನ ಹೆಂಡತಿ ಹೊರಗೆ ಮೀನು ಒಣಹಾಕುತ್ತಿದ್ದಳು. ಪಂಪ್ ನಿಲ್ಲಿಸಿದವರು ಯಾರೆಂದು ಅವನಿಗೆ ಗೊತ್ತಿತ್ತು, ಯಾರಿಗೂ ಹೇಳಿರಲಿಲ್ಲ. ನನ್ನ ಮೇಲಿನ ಮರ್ಯಾದೆಗಾಗಿ ಹೇಳಿರಲಿಲ್ಲ. ಮ್ಯಾನೇಜರಿಗೆ ಹೇಳಿದ ಸುಳ್ಳು, ಎಂಜಿನಿಯರಿಗೆ ಹೇಳಿದ ಸುಳ್ಳು, ಎರಡೂ ಸಲೀಸಾಗಿ ಬಂದಿದ್ದವು. ಇವನಿಗೆ ಹೇಳಲು ಬಾಯಿ ತೆರೆದೆ, ಬರಲಿಲ್ಲ.

"ಪೈಪ್ ಸುತ್ತಬೇಡ. ಹಾಕು ಕೆಳಗೆ. ಸ್ಟಾರ್ಟ್ ಮಾಡು," ಎಂದೆ. ಡ್ರೈವರಿಗೆ, ಮುಚ್ಚಬೇಡ, ಬಿದ್ದ ಗೋಡೆಯ ಹಿಂದೆ ಕೊಯ್ಯಬೇಕು ಎಂದೆ.

ಅವನು ಮುಖ ಸಿಂಡರಿಸಿದ. ಮುಚ್ಚುವುದಕ್ಕೆ ತಾನೇ ಆರ್ಡರ್ ಎಂದ. ನನ್ನ ಹೆಸರು ಹೇಳು ಎಂದೆ. "ಪೆರಿಸಾ ಹೆಸರು!" ಬಹಳ ದೊಡ್ಡ ಹೆಸರು ಎಂದು ಗೊಣಗಿ, ಮ್ಯಾನೇಜರಿಗೆ ಫೋನ್ ಮಾಡಲು ಆಚೆ ಹೋದ. ನಾನು ಅವಳಿಗೆ ಫೋನ್ ಮಾಡಿದೆ. ಎರಡು ಸಲ ಕತ್ತರಿಸಿದಳು. ಮೂರನೆಯದಕ್ಕೆ ತೆಗೆದಳು.

"ಏನು ಸರ್?"

"ಬಾಮ್ಮ. ಗೋಡೆ ಹಿಂದೆ ಕೊಯ್ಯಿಸ್ತೀನಿ."

"ಯಾರು ಪರ್ಮಿಷನ್ ಕೊಟ್ರು?"

"ಯಾರೂ ಇಲ್ಲ."

"ಬಕೆಟ್ ಮುಟ್ಟಿಸ್ಬೇಡಿ. ನಾನು ಬರೋವರೆಗೂ ಒಂದು ಹಲ್ಲೂ ಒಳಗೆ ಹೋಗ್ಬಾರ್ದು," ಎಂದಳು.

ಮಾಧವರಂನಿಂದ ಆಟೋದಲ್ಲಿ ಬಂದಳು. ಇಳಿದ ಕೂಡಲೇ, ಅವಳು ಕಂದಕಕ್ಕೆ ಇಳಿಯುವ ಮೊದಲೇ, ಹೇಳಿದೆ. ಪಂಪ್ ಕೆಟ್ಟಿರಲಿಲ್ಲ, ನಾನೇ ನಿಲ್ಲಿಸಿದ್ದು ಎಂದು.

"ಪೂಜೆಗಾ?"

"ಹೂಂ."

"ನನ್ನ ಒಂದು ಮಾತು ಕೇಳಿದ್ದಿದ್ರೆ, ನಾನೇ ಬಂದು ಓಡ್ತಿರೋ ಪಂಪಿಗೆ ಮಂಗಳಾರತಿ ಎತ್ತಿರ್ತಿದ್ದೆ ಸರ್." ನಗುತ್ತಾಳೇನೋ ಎಂದುಕೊಂಡೆ. ನಗಲಿಲ್ಲ. "ನಿಲ್ಲಿಸಿದ್ದಕ್ಕೆ ಬೈದು ಬಿಟ್ಟುಬಿಡ್ತಿದ್ದೆ. ಅಷ್ಟು ಜನರ ಎದುರು ನನ್ನ ಸುಳ್ಳುಗಾರ್ತಿ ಮಾಡಿದ್ರಲ್ಲ, ಅದಕ್ಕೆ ಏನು ಮಾಡ್ಲಿ?"

ನನ್ನ ಉತ್ತರಕ್ಕೆ ಅವಳು ಕಾಯಲಿಲ್ಲ. ಮ್ಯಾನೇಜರು ಇನ್ನೂ ಫೋನ್ ಎತ್ತದೆ ಸುಮ್ಮನೆ ಕೂತಿದ್ದ ಡ್ರೈವರನ್ನು ಕರೆದು, ಮೊದಲು ಮೇಲಿನ ಬೂದಿ ಮಣ್ಣನ್ನು ಅಗಲಕ್ಕೆ ತೆಗೆದು ದೂರ ಹಾಕಿಸಿದಳು, ಮತ್ತೆ ಬೀಳದಿರಲೆಂದು. ಆಮೇಲೆ ಮೆಟ್ಟಿಲು. ಕೊನೆಯ ಒಂದು ಮೊಳ ಯಂತ್ರಕ್ಕೆ ಬಿಡದೆ ಗುದ್ದಲಿಯಿಂದ ಇಳಿಸಿದಳು. ಹೆರೆದೆವು. ಬರೀ ಜೇಡಿ. ಡ್ರೈವರು ಮೇಲಿನಿಂದ ಒಂದು ಸಿಳ್ಳೆ ಹಾಕಿದ. ಅವಳು ತನ್ನ ಹಳೆಯ ಚಿತ್ರವನ್ನೂ ಬೇಲಿಯ ಕಂಬವನ್ನೂ ಸೇರಿಸಿ ನೋಡಿ, ಸೀಳು ಓರೆಯಾಗಿ ಹೋಗಿರಬೇಕು ಎಂದು ಉತ್ತರಕ್ಕೆ ಸರಿದಳು. ಮತ್ತೆ ಗುದ್ದಲಿ, ಮತ್ತೆ ಕರಣೆ. ಮಧ್ಯಾಹ್ನದ ಬಿಸಿಲು ನೆತ್ತಿಯ ಮೇಲಿತ್ತು. ಈ ಸಲ ಸದ್ದು ಅವಳ ಕರಣೆಯ ಕೆಳಗೆ ಬದಲಾಯಿತು.

ಮೊದಲಿನದಕ್ಕಿಂತ ಸಪೂರ. ಆದರೆ ತಳದ ಮರಳಿನಿಂದ ಹೊರಟು, ಬೂದು ಜೇಡಿಯನ್ನು ಸೀಳಿ, ಮೇಲೆ ತಟ್ಟೆಯ ಹಾಗೆ ಹರಡಿ ನಿಂತಿತ್ತು. ಹರಡಿದ ಮರಳಿನ ಮೇಲೆ ಕಂದು ಜೇಡಿ ಒಂದಿಷ್ಟೂ ಕದಡದೆ ಹಾಸಿಕೊಂಡಿತ್ತು. ಮರಳು ಉಕ್ಕಿ ಅಂದಿನ ನೆಲದ ಮೇಲೆ ಹರಿದ ಮೇಲೆಯೇ ಆ ಜೇಡಿ ಬಂದು ಕೂತದ್ದು. ಎದುರು ಗೋಡೆಯನ್ನು ಹೆರೆದರೆ ಅಲ್ಲೂ ಅದೇ ಸೀಳು, ಅದೇ ಸಾಲಿನಲ್ಲಿ. ಏಡಿ ಬಿಲವಾಗಲಿ ಬೇರಾಗಲಿ ಹಾಗೆ ಗೋಡೆಯಿಂದ ಗೋಡೆಗೆ ಹಾದುಹೋಗುವುದಿಲ್ಲ.

ದಾರ ಕಟ್ಟಿ ಮುಗಿಯುವಷ್ಟರಲ್ಲಿ ಮ್ಯಾನೇಜರ ಕಾರು ಬಂತು. ಜತೆಗೆ ಕಂಪನಿಯ ಎಂಜಿನಿಯರು.

"ಯಾರನ್ನ ಕೇಳಿ ತೋಡಿಸಿದ್ರಿ ಮಾಮಾ?" ಮ್ಯಾನೇಜರು ಕೆಂಪಗಾಗಿದ್ದರು. ಎಂಜಿನಿಯರಿಗೆ ತಮಿಳಿನಲ್ಲಿ, "ವಯಸ್ಸಾಗಿದೆ ಸಾರ್. ಬಿಸಿಲು ಬೇರೆ," ಎಂದರು.

ನಾನು ಕಂದಕದ ಅಂಚಿನಲ್ಲಿ ನಿಂತು, ಎಂಜಿನಿಯರಿಗೆ, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ಪಂಪ್ ನಿಲ್ಲಿಸಿದ್ದು ನಾನು. ಡೀಸೆಲ್ಲಿನಲ್ಲಿ ಕಸ ಇರಲಿಲ್ಲ. ಗೋಡೆ ಬಿದ್ದದ್ದು ಅದರಿಂದ. ಬೀಳುವ ಮೊದಲು ಸೀಳನ್ನು ಮೊದಲು ಕಂಡವನೂ ನಾನೇ. ಸಭೆಯಲ್ಲಿ ನಿಮ್ಮೆದುರು ನಾನು ಹೇಳಿದ್ದು ಸುಳ್ಳು, ಈ ಮೇಡಂ ಹೇಳಿದ್ದು ನಿಜ.

"ಮಾಮಾ! ಉಮ್ಮುನು ಇರಿ!" ಬಾಯಿ ಮುಚ್ಚಿ ಎಂದರು ಮ್ಯಾನೇಜರು. "ನಾನೇ ಕೆಡಿಸಿದೆ ಅಂತ ಇವರೇ ಹೇಳ್ತಿದಾರೆ ಸಾರ್, ಇನ್ನು ಇವರ ಮಾತು ಹೇಗೆ ನಂಬೋದು?"

ಅವರ ಚುರುಕು ನೋಡಿ! ನನ್ನ ಸುಳ್ಳು ಅವರಿಗೆ ನಂಬಿಕೆಗೆ ಅರ್ಹವಾಗಿತ್ತು. ನಿಜ ಹೇಳಿದ ಕೂಡಲೇ ನಾನು ನಂಬಬಾರದವನಾದೆ. ನನಗೆ ರೇಗಿತು.

"ನನ್ನ ನಂಬಬೇಡಿ. ಇಳಿದು ನೋಡಿ. ಆವತ್ತು ಇಳಿದು ನೋಡೋಕೆ ಏನೂ ಉಳಿದಿರಲಿಲ್ಲ. ಇವತ್ತು ಇದೆ."

ಎಂಜಿನಿಯರು ಪ್ಯಾಂಟು ಮಡಚಿಕೊಂಡು ಏಣಿ ಇಳಿದರು. ಅವಳು ಒಂದು ಮಾತನ್ನೂ ಹೆಚ್ಚಿಗೆ ಆಡದೆ ತಳದ ಮರಳು, ಸೀಳು, ಅದರೊಳಗಿನ ಜೇಡಿಯ ಚೂರು, ಮೇಲಿನ ಹರವು, ಎದುರು ಗೋಡೆ ಎಂದು ಒಂದೊಂದಾಗಿ ತೋರಿಸಿದಳು. ಅವರು ಬೆರಳಿನಿಂದ ಒಂದಿಷ್ಟು ಮರಳು ತೆಗೆದು ಉಜ್ಜಿ ನೋಡಿದರು. ಮುಖದಲ್ಲಿ ಸಂತೋಷವೇನೂ ಇರಲಿಲ್ಲ. ಮೇಲೆ ಬಂದು ಮ್ಯಾನೇಜರಿಗೆ, ಮಾದರಿ ತೆಗೆದುಕೊಳ್ಳಲಿ, ವರದಿಯನ್ನು ಈ ಮೇಡಂ ಅವರೇ ಬರೆಯಲಿ, ಎಂದಷ್ಟೇ ಹೇಳಿ ಕಾರಿನ ಕಡೆ ನಡೆದರು. ನೋಡಿದ್ದನ್ನು ನೋಡಿಲ್ಲ ಎನ್ನುವುದು ಇನ್ನು ಅವರಿಗೂ ಸುಲಭವಿರಲಿಲ್ಲ.

ಸಂಜೆಯವರೆಗೆ ಮಾದರಿ ತೆಗೆದಳು. ಉಕ್ಕಿನ ಕೊಳವೆಯನ್ನು ಗೋಡೆಗೆ ಹೊಡೆದು, ಕಪ್ಪು ಟಾರ್ಪಾಲಿನ ಮರೆಯಲ್ಲಿ ಹೊರಗೆಳೆದು, ಎರಡು ತುದಿಗೂ ಮುಚ್ಚಳ ಹಾಕಿ ಕಪ್ಪು ಟೇಪು ಸುತ್ತಬೇಕು. ಒಂದು ಚೂರು ಬೆಳಕು ಬಿದ್ದರೂ ಕೆಡುತ್ತದೆ. ಆ ಮರಳು ಕೊನೆಯ ಸಲ ಬಿಸಿಲು ಕಂಡದ್ದು ಯಾವಾಗ ಎಂಬುದನ್ನು ಪ್ರಯೋಗಾಲಯದಲ್ಲಿ ಲೆಕ್ಕ ಹಾಕುತ್ತಾರಂತೆ. ನಾನು ಟಾರ್ಪಾಲಿನ ಅಂಚು ಹಿಡಿಯಲು ಹೋದೆ. "ಬೇಡ ಸರ್, ನೀವು ಮೇಲೇ ಇರಿ," ಎಂದಳು. ಪಂಪಿನವನನ್ನು ಕರೆದು ಅವನ ಕೈಗೆ ಕೊಟ್ಟಳು. ನಾನು ಮೇಲೆ ಹೋಗಿ ನಿಂತೆ.

ಆ ದಿನದಿಂದ ನನಗೆ ಕೆಲಸವಿಲ್ಲ. ಅದಕ್ಕೆ ಬೇಜಾರಿಲ್ಲ.

ಪ್ರಯೋಗಾಲಯದ ಉತ್ತರ ಬರಲು ತಿಂಗಳುಗಳೇ ಹಿಡಿದವು. ಈ ಕರಾವಳಿಯ ಬಗ್ಗೆ ಯಾರಾದರೂ ಏನಾದರೂ ಬರೆಯುವುದಕ್ಕಿಂತ ಬಹಳ ಹಿಂದೆಯೇ ಆ ಮರಳು ಉಕ್ಕಿ, ಮುಚ್ಚಿಹೋಗಿತ್ತು. ಟ್ಯಾಂಕುಗಳನ್ನು ಬೇರೆ ಕಡೆ ಒಯ್ಯುತ್ತಾರೋ, ನೆಲವನ್ನು ಗಟ್ಟಿ ಮಾಡಿ ಅಲ್ಲೇ ಕಟ್ಟುತ್ತಾರೋ, ಇದನ್ನು ಬರೆಯುವ ಹೊತ್ತಿಗೂ ತೀರ್ಮಾನವಾಗಿಲ್ಲ. ಕೆಳಗೆ ಏನೂ ಇಲ್ಲ ಎಂದು ಕುಪ್ಪದವರಿಗೆ ಹೇಳಲು ಮಾತ್ರ ಇನ್ನು ಆಗುವುದಿಲ್ಲ.

ವರದಿ ಮುಗಿಯುವ ಮೊದಲು ಮ್ಯಾನೇಜರು ಮತ್ತೆ ಫೋನ್ ಮಾಡಿದ್ದರು. ಮೊದಲ ಗೋಡೆ ಮಳೆಯಿಂದ ಕುಸಿಯಿತು ಎಂದು ಹಾಕಿಸೋಣ, ಯಾರ ಮೇಲೂ ಮಾತು ಬರುವುದಿಲ್ಲ, "ನಿಮ್ಮ ಮಾನಕ್ಕೋಸ್ಕರ ಹೇಳ್ತೀನಿ ಮಾಮಾ," ಎಂದರು. ಗೋಡೆ ಬಿದ್ದ ದಿನ ಎಣ್ಣೂರಿನಲ್ಲಿ ಒಂದು ಹನಿಯೂ ಬಿದ್ದಿರಲಿಲ್ಲ. ನನ್ನ ಮಾನದ ಹೆಸರಿನಲ್ಲಿ ಅವರು ತಮ್ಮ ಕಚೇರಿಯನ್ನು ತೊಳೆಯಲು ಹೊರಟಿದ್ದರು. ಜನ್ಮದಲ್ಲಿ ಮೊದಲ ಸಲ ಒಬ್ಬರ ಫೋನನ್ನು ಅರ್ಧಕ್ಕೇ ಇಟ್ಟೆ.

ಮಾರನೆಯ ದಿನ ಅವಳ ಫೋನ್ ಬಂತು.

"ಸರ್, ಒಂದು ವಾಕ್ಯ ಓದ್ತೀನಿ, ಸರಿ ಇದೆಯಾ ಹೇಳಿ. 'ಮೊದಲ ಕಂದಕದ ಗೋಡೆಗಳು ಕುಸಿದದ್ದು ಪಂಪನ್ನು ನಿಲ್ಲಿಸಿದ್ದರಿಂದ. ನಿಲ್ಲಿಸಿದವರು ಸೈಟಿನ ಮೇಲ್ವಿಚಾರಕರು.'"

"ಸರಿ ಇದೆ. ಹೆಸರು?"

"ವರದೀಲಿ ಹೆಸರು ಹಾಕಲ್ಲ ಸರ್. ಹುದ್ದೆ ಅಷ್ಟೇ."

"ಆ ಸೈಟಿಗೆ ಇನ್ನೂ ಎಷ್ಟೋ ಮೇಲ್ವಿಚಾರಕರು ಬರ್ತಾರಮ್ಮ. ಅವರಲ್ಲಿ ಯಾರೋ ಮಾಡಿದ್ದು ಅಂತ ಆಗಬಾರದು. ನನ್ನ ಹೆಸರು ಹಾಕು."

"ಸ್ಪೆಲ್ಲಿಂಗ್ ಹೇಳಿ," ಎಂದಳು.

ಒಂದೊಂದೇ ಅಕ್ಷರ ಹೇಳಿದೆ. ಅವಳು ಕೀಬೋರ್ಡ್ ಒತ್ತುತ್ತಿದ್ದ ಸದ್ದು ಕೇಳುತ್ತಿತ್ತು. ಮುಗಿದ ಮೇಲೆ ಒಮ್ಮೆ ಓದಿ ಹೇಳಿದಳು. ಸರಿಯಾಗಿತ್ತು.

"ಆಯ್ತು," ಎಂದು ಫೋನ್ ಇಟ್ಟಳು.